ಬೀಳ್ಕೊಟ್ಟವರ ಚರಿತ್ರೆ

ಕಳಸದ ಬಸ್ ನಿಲ್ದಾಣದಿಂದ ಬೆಳಗಿನ ಬಸ್ಸು ಹೊರಡುವ ಹೊತ್ತಿಗೆ ಭದ್ರೆಯ ಮೇಲಿನ ಮಂಜು ಇನ್ನೂ ಕರಗಿರುವುದಿಲ್ಲ. ಅಂಥ ಒಂದು ಬೆಳಗಿನಲ್ಲಿ ನಾವು ಕಂಡ ದೃಶ್ಯವಿದು. ಕಾಫಿ ತೋಟವೊಂದರ ರೈಟರ ಮಗ ಸೈನ್ಯಕ್ಕೆ ಆಯ್ಕೆಯಾಗಿ ಹೊರಟಿದ್ದ. ಮೂಡಿಗೆರೆ, ಚಿಕ್ಕಮಗಳೂರು ದಾಟಿ ಕಡೂರಿನಲ್ಲಿ ರೈಲು ಹಿಡಿಯಬೇಕಿತ್ತು. ತಾಯಿ ಅವನ ಬಲತೋಳಿಗೆ ಇಮಾಮ್ ಜಾಮಿನ್ ಕಟ್ಟಿದರು. ಬಟ್ಟೆಯ ಚೂರಿನಲ್ಲಿ ಒಂದು ನಾಣ್ಯ ಸುತ್ತಿ ಕಟ್ಟುವುದು, ಕ್ಷೇಮವಾಗಿ ತಲುಪಿದ ಮೇಲೆ ಅದನ್ನು ಬಡವರಿಗೆ ಕೊಟ್ಟುಬಿಡುವುದು, ಇಷ್ಟೇ ಆ ಪದ್ಧತಿ. ಇದು ಶಾಸ್ತ್ರಸಮ್ಮತವೇ ಎಂದು ಕೇಳುವವರು ನಮ್ಮಲ್ಲಿದ್ದಾರೆ. ಆದರೆ ಆ ತಾಯಿಯನ್ನು ಆ ಗಳಿಗೆಯಲ್ಲಿ ಹಾಗೆ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮಗ ಶರ್ಟಿನ ತೋಳನ್ನು ಕೆಳಗೆಳೆದು ಅದನ್ನು ಮುಚ್ಚಿಕೊಂಡ. ತಂದೆ "ಚಿಲ್ಲರೆ ಇದೆಯಾ?" ಎಂದು ಎರಡು ಸಲ ಕೇಳಿದರು. ಬೇರೇನೂ ಮಾತಾಡಲಿಲ್ಲ.

ಹೀಗೆ ಮಕ್ಕಳನ್ನು ಬೀಳ್ಕೊಟ್ಟವರ ಚರಿತ್ರೆ ಎಲ್ಲಿದೆ? ಮನೆಗೆ ಮರಳುವ ದಾರಿಯಲ್ಲಿ ಈ ಪ್ರಶ್ನೆ ನಮ್ಮನ್ನು ಕಾಡಿತು.

ಮಲೆನಾಡಿನಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಸತ್ತವನನ್ನು ಕೈಹಿಡಿದು ಕರೆದೊಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ. ಹೊಯ್ಸಳರ ಮೂಲಸ್ಥಾನವೆನ್ನುವ ಅಂಗಡಿ ಗ್ರಾಮ ಮೂಡಿಗೆರೆ ತಾಲ್ಲೂಕಿನಲ್ಲೇ ಇದೆ. ನಮ್ಮ ಜಿಲ್ಲೆಗೆ ಕಡೂರು ಜಿಲ್ಲೆ ಎಂಬ ಹೆಸರಿದ್ದ ಕಾಲದಲ್ಲಿ ಬಿ.ಎಲ್. ರೈಸ್ ಇಲ್ಲಿನ ಶಾಸನಗಳನ್ನು 1901ರಲ್ಲಿ ಪ್ರಕಟಿಸಿದರು. ಇಂಥ ಶಾಸನಗಳಲ್ಲಿ ಯಾರು ಯಾರ ಮೇಲೆ ದಂಡೆತ್ತಿದರು, ಯಾರು ಸತ್ತರು, ಕಲ್ಲು ನಿಲ್ಲಿಸಿದವರು ಯಾರು ಎಂಬುದೆಲ್ಲ ಸಿಗುತ್ತದೆ. ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಹೆಸರೇ ಎಲ್ಲವನ್ನೂ ಹೇಳುತ್ತದೆ. ಆದರೆ ಆ ಗದ್ದೆಯ ಮೊದಲ ಬೆಳೆಯನ್ನು ತಾಯಿ ಹೇಗೆ ಉಂಡಳು ಎಂಬುದು ಯಾವ ಕಲ್ಲಿನಲ್ಲೂ ಇಲ್ಲ.

ಹತ್ತಿರದ ಕಾಲಕ್ಕೆ ಬಂದರೂ ಇದೇ ಕತೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಂದಿಗೆ ಹೈಫಾ ಪಟ್ಟಣವನ್ನು ಗೆದ್ದ ಸವಾರರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ಮೈಸೂರು, ಹೈದರಾಬಾದ್, ಜೋಧಪುರದ ಆ ಸವಾರರ ನೆನಪಿಗೆ ದೆಹಲಿಯ ತೀನ್ ಮೂರ್ತಿಯಲ್ಲಿ ಮೂರು ಪ್ರತಿಮೆಗಳಿವೆ. ಅದೇ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಹಿಂದುಸ್ತಾನಿ ಸಿಪಾಯಿಗಳ ಕಾಗದಗಳನ್ನು ಬ್ರಿಟಿಷ್ ಸೆನ್ಸಾರ್ ಅಧಿಕಾರಿಗಳು ಒಡೆದು ಓದುತ್ತಿದ್ದರು. ಅವುಗಳಲ್ಲಿ ಉರ್ದು ಕಾಗದಗಳೂ ಬಹಳ. ಅವರು ಇಂಗ್ಲಿಷಿಗೆ ಇಳಿಸಿದ ತುಣುಕುಗಳು ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮನೆಮಂದಿಯ ಕಳವಳ ಚರಿತ್ರೆಗೆ ದಕ್ಕಿದ್ದು ಪ್ರೀತಿಯಿಂದಲ್ಲ, ಸರ್ಕಾರದ ಸಂಶಯದಿಂದ!

ತಂದೆಯೊಬ್ಬನ ಮನಸ್ಸು ಚರಿತ್ರೆಯಲ್ಲಿ ತುಸು ಬೆಳಕಿಗೆ ಬಂದ ಪ್ರಸಂಗ ನಮ್ಮ ನೆರೆಯ ಕಾಫಿ ಸೀಮೆ ಕೊಡಗಿನದು. ಕೋದಂಡೇರ ಮಾದಪ್ಪ ಕಾರ್ಯಪ್ಪ 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. 1953ರಲ್ಲಿ ನಿವೃತ್ತರಾಗಿ, ರಾಯಭಾರದ ಕೆಲಸವನ್ನೂ ಮುಗಿಸಿ ಮಡಿಕೇರಿಯ ಮನೆಯಲ್ಲಿ ನೆಲೆಸಿದರು. ಮಗ ಕೆ.ಸಿ. ಕಾರ್ಯಪ್ಪ ವಾಯುಪಡೆ ಸೇರಿದ್ದರು. 1965ರ ಯುದ್ಧದ ಕೊನೆಯ ದಿನ, ಸೆಪ್ಟೆಂಬರ್ 22ರಂದು, ಅವರ ಹಂಟರ್ ವಿಮಾನಕ್ಕೆ ಗುಂಡು ತಗುಲಿತು. ವಿಮಾನದಿಂದ ಹೊರಜಿಗಿದು ಬೆನ್ನಿಗೆ ಪೆಟ್ಟು ಮಾಡಿಕೊಂಡ ಅವರು ಪಾಕಿಸ್ತಾನದ ಸೆರೆಯಾದರು. ಆಗ ಅವರಿಗೆ 27 ವರ್ಷ.

ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ದೇಶವಿಭಜನೆಗೆ ಮೊದಲು ಇದೇ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ದೇಶ ಒಡೆದಾಗ ಸೈನ್ಯವೂ ಒಡೆಯಿತು. ಒಂದೇ ಮೆಸ್ಸಿನಲ್ಲಿ ಉಂಡವರು ಎದುರುಬದುರಾದರು. ಆದರೆ ಹಳೆಯ ಋಣ ಪೂರ್ತಿ ಹರಿದಿರಲಿಲ್ಲ. ನಿಮ್ಮ ಮಗ ಕ್ಷೇಮವಾಗಿದ್ದಾನೆ, ಬೇಕಾದರೆ ಬಿಟ್ಟುಕೊಡುತ್ತೇವೆ ಎಂಬ ಸಂದೇಶ ದೆಹಲಿಯ ಪಾಕ್ ಹೈಕಮಿಷನರ್ ಮೂಲಕ ಬಂತು. ಕಾರ್ಯಪ್ಪನವರು ಒಪ್ಪಲಿಲ್ಲ.

ಆ ಉತ್ತರ ನಮ್ಮಲ್ಲಿ ಎರಡು ಬಗೆಯಾಗಿ ಪ್ರಚಾರದಲ್ಲಿದೆ. ಅವನು ಈಗ ನನ್ನ ಮಗನಲ್ಲ, ದೇಶದ ಮಗ ಎಂದರೆಂಬುದು ಒಂದು. ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂದರೆಂಬುದು ಇನ್ನೊಂದು. ವೇದಿಕೆಗಳಿಗೆ ಮೊದಲನೆಯದೇ ಇಷ್ಟ, ಚಪ್ಪಾಳೆ ಗಿಟ್ಟುವುದು ಅದಕ್ಕೇ. ಆದರೆ ಮಗನೇ ಮುಂದೆ ನೆನಪಿಸಿಕೊಂಡದ್ದು ಎರಡನೆಯದನ್ನು. ನಮಗೂ ಅದೇ ನಿಜವಾಗಿ ಕಾಣುತ್ತದೆ. ಮೊದಲನೆಯ ಮಾತಿನಲ್ಲಿ ತಂದೆತನವನ್ನು ಬಿಟ್ಟುಕೊಟ್ಟ ವೀರನಿದ್ದಾನೆ. ಎರಡನೆಯದರಲ್ಲಿ ಮಗನನ್ನು ಬಿಡದೆ, ಮಿಕ್ಕವರ ಮಕ್ಕಳನ್ನೂ ಮಡಿಲಿಗೆ ಹಾಕಿಕೊಂಡ ತಂದೆಯಿದ್ದಾನೆ. ‘ಚೆನ್ನಾಗಿ ನೋಡಿಕೊಳ್ಳಿ’ ಎಂಬುದು ದಂಡನಾಯಕನ ಆಜ್ಞೆಯಲ್ಲ. ಎಲ್ಲರ ಹೆಸರಿನಲ್ಲಿ ತನ್ನ ಮಗನಿಗೂ ಸೇರಿಸಿ ತಂದೆಯೊಬ್ಬ ಮಾಡಿಕೊಂಡ ಬೇಡಿಕೆ.

ಮಗನ ತಾಯಿ ಆಗ ಬದುಕಿರಲಿಲ್ಲ. ಆದರೆ ಸೆರೆಯಲ್ಲಿದ್ದ ಯುವಕನನ್ನು ನೋಡಲು ಬೇಗಂ ಅಯೂಬ್ ತಮ್ಮ ಹಿರಿಯ ಮಗನೊಂದಿಗೆ ಬಂದರು. ಕೈಯಲ್ಲಿ ಸಿಗರೇಟಿನ ಪೊಟ್ಟಣ, ಒಂದು ವುಡ್‌ಹೌಸ್ ಕಾದಂಬರಿ. ಶತ್ರುದೇಶದ ಕೈದಿಯ ಹಾಸಿಗೆಯ ಬಳಿ ನಿಂತಾಗ ಅವರೂ ಒಬ್ಬ ಮಗನ ತಾಯಿ ಎಂಬುದನ್ನು ಚರಿತ್ರೆ ಮರೆಯಬಾರದು. 1966ರ ಜನವರಿ 10ರಂದು ತಾಷ್ಕೆಂಟ್ ಒಪ್ಪಂದವಾಯಿತು. ಅದೇ 22ರಂದು, ಸರಿಯಾಗಿ ನಾಲ್ಕು ತಿಂಗಳ ಮೇಲೆ, ಮಗ ಬಿಡುಗಡೆಯಾದರು. ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು. ತಂದೆಗೆ 1986ರಲ್ಲಿ ಫೀಲ್ಡ್ ಮಾರ್ಷಲ್ ಗೌರವ ಸಂದಿತು. ಅವರು ತೀರಿಕೊಂಡದ್ದು 1993ರಲ್ಲಿ.

ಆ ನಾಲ್ಕು ತಿಂಗಳ ರಾತ್ರಿಗಳನ್ನು ಆ ತಂದೆ ಹೇಗೆ ಕಳೆದಿರಬಹುದು? ಉತ್ತರವನ್ನು ಎಲ್ಲರೂ ಬರೆದುಕೊಂಡರು, ರಾತ್ರಿಗಳನ್ನು ಯಾರೂ ಬರೆದುಕೊಳ್ಳಲಿಲ್ಲ. ಕಾರ್ಯಪ್ಪನವರಿಗೆ ಸುದ್ದಿಯಾದರೂ ಬಂತು. ಹೆಸರಿಲ್ಲದ ಸಿಪಾಯಿಗಳ ತಂದೆತಾಯಂದಿರಿಗೆ ಅಂಚೆಯವನ ಸೈಕಲ್ ಗಂಟೆಯೇ ಭಯವಾಗಿತ್ತು. ಅಂಥವರಿಗೆ ನಾವು ‘ವೀರಮಾತೆ’ ಎಂಬ ಬಿರುದು ಕೊಟ್ಟು ಸುಮ್ಮನಾಗುತ್ತೇವೆ. ಬಿರುದು ಸಿಕ್ಕ ಮೇಲೆ ತಾಯಿ ಅಳುವಂತಿಲ್ಲ. ಅತ್ತರೆ ಮಗನ ಮಾನ ಹೋದೀತು, ಕೆಲವರಿಗಂತೂ ದೇಶಪ್ರೇಮದ ಮೇಲೇ ಸಂಶಯ ಬಂದೀತು. ಕಣ್ಣೀರಿಗೂ ನಿಷ್ಠೆಗೂ ವೈರವಿದೆಯೆಂದು ಹೇಳಿದವರು ಯಾರು? ಅಳುತ್ತಲೇ ಕಳಿಸಿಕೊಟ್ಟವರು ಕೊಟ್ಟದ್ದು ಕಡಿಮೆಯೇನೂ ಅಲ್ಲ.

ವಾರ ಕಳೆದ ಮೇಲೆ ಕಳಸದ ಆ ಮನೆಗೆ ನಾವು ಹೋಗಿದ್ದೆವು. ಅಂಗಳದಲ್ಲಿ ಕಾಫಿ ಒಣಗುತ್ತಿತ್ತು. ಅಷ್ಟರಲ್ಲಿ ಮಗನ ಫೋನು ಬಂತು. ಊಟ, ಚಳಿ ಯಾವುದನ್ನೂ ವಿಚಾರಿಸದೆ ತಾಯಿ ಮೊದಲು ಕೇಳಿದ್ದು, ಆ ನಾಣ್ಯವನ್ನು ಬಡವರಿಗೆ ಕೊಟ್ಟೆಯಾ ಎಂದು. "ಇಲ್ಲ ಅಮ್ಮಿ, ಇನ್ನೂ ಇದೆ" ಎಂದ ಮಗ. ತಪ್ಪಿಗೆ ಬೈಯಬೇಕಿದ್ದ ತಾಯಿ, "ಇರಲಿ ಬಿಡು, ಮನೆಗೆ ಬಂದ ಮೇಲೆ ಕೊಡೋಣ" ಎಂದರು. ರೈಟರು ಎದ್ದು ಹೋಗಿ, ಈಗಷ್ಟೇ ಹರವಿದ ಕಾಫಿಯನ್ನು ಮತ್ತೆ ಹರವತೊಡಗಿದರು.