ಒಂದು ಗಡ್ಡಿ ತಿನ್ನದೇ ಉಳಿಸಿದವರು

ಬೆಂಗಳೂರಿನ ಡೆಲಿವರಿ ಆಪ್‌ನಲ್ಲಿ ಅದು ಈರುಳ್ಳಿ. ಮಂಗಳೂರಿನ ಕಡೆ ನೀರುಳ್ಳಿ. ಗದಗ ಜಿಲ್ಲೆಯ ಜಕ್ಕಲಿಯಲ್ಲಿ ಉಳ್ಳಾಗಡ್ಡಿ. ಜಕ್ಕಲಿ ಅಂದ್ರೆ ಇತಿಹಾಸ ಓದಿದವರಿಗೆ ನೆನಪಾಗೋದು ಅಂದಾನಪ್ಪ ದೊಡ್ಡಮೇಟಿ. ಕರ್ನಾಟಕ ಒಂದಾಗಲಿ ಅಂತ 1953ರಲ್ಲಿ ಉಪವಾಸ ಕೂತ ನಾಯಕರ ಊರು ಇದು. 1956ರ ನವೆಂಬರ್ 1ಕ್ಕೆ ರಾಜ್ಯ ಒಂದಾಯ್ತು, ಅಡುಗೆಮನೆಯ ಪದಗಳು ಮಾತ್ರ ಹಾಗೇ ಬೇರೆ ಬೇರೆ ಉಳಿದವು. ಆದರೂ ಈ ಮೂರು ಪದಗಳ ಒಳಗೆ ಇರೋದು ಒಂದೇ ‘ಉಳ್ಳಿ’. ಬೆಳ್ಳಗಿದ್ದರೆ ಬೆಳ್ಳುಳ್ಳಿ, ಗಡ್ಡಿ ಸೇರಿದರೆ ಉಳ್ಳಾಗಡ್ಡಿ. ತಮಿಳು, ತೆಲುಗಿನಲ್ಲೂ ಇದೇ ಉಳ್ಳಿ ಇದೆ. ಸಂಸ್ಕೃತದಲ್ಲಿ ‘ಪಲಾಂಡು’ ಅನ್ನೋ ಪದ ಇತ್ತು, ನಮ್ಮ ಮನೆಗಳು ಅದನ್ನು ಕೇಳಿ ಪಡೆಯಲಿಲ್ಲ.

ಒಂದು ಪದ ಇಷ್ಟು ಗಟ್ಟಿಯಾಗಿ ನಿಂತಿದೆ ಅಂದ್ರೆ, ಆ ಬೆಳೆ ಜನರ ಕೈಯಲ್ಲಿ ತುಂಬಾ ಕಾಲದಿಂದ ಇದೆ ಅಂತ ಅರ್ಥ. ಹಾಗಾದರೆ ಅದರ ಇತಿಹಾಸ ಎಲ್ಲಿ ಸಿಗುತ್ತೆ?

ಜಕ್ಕಲಿಯ ಸುತ್ತಮುತ್ತ ಕಲ್ಲಿನ ದಾಖಲೆಗೇನೂ ಬರ ಇಲ್ಲ. ಪಕ್ಕದ ನರೇಗಲ್‌ನಲ್ಲಿ ರಾಷ್ಟ್ರಕೂಟರ ಕಾಲದ ಬಸದಿ ಇದೆ. ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಗುಡಿಗಳಿವೆ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಸಾವಿರ ವರ್ಷ ದಾಟಿ ನಿಂತಿದೆ. ಆದರೆ ದಾನ ಶಾಸನಗಳು ಬರೆದಿಡೋದು ದೇವರಿಗೆ ಸಲ್ಲುವ ಲೆಕ್ಕವನ್ನು: ಹೊಲ, ತೋಟ, ದೀಪದ ಎಣ್ಣೆ. ಜೈನರಿಗೆ ನೆಲದೊಳಗಿನ ಗಡ್ಡೆ ವರ್ಜ್ಯ, ವೈದಿಕ ಮಡಿಯಲ್ಲೂ ಉಳ್ಳಿಗೆ ಪ್ರವೇಶ ಇರಲಿಲ್ಲ. ದೇವರ ಮನೆಗೆ ಹೋಗದ ವಸ್ತುವನ್ನು ದೇವರ ಲೆಕ್ಕದಲ್ಲಿ ಹುಡುಕಿದರೆ ಹೇಗೆ ಸಿಕ್ಕೀತು?

ಸಿಗೋದು ನಿಷೇಧಗಳಲ್ಲಿ. ಮನುಸ್ಮೃತಿಯ ಐದನೇ ಅಧ್ಯಾಯ ದ್ವಿಜರಿಗೆ ಬೆಳ್ಳುಳ್ಳಿ, ಈರುಳ್ಳಿ ಬೇಡ ಅನ್ನುತ್ತೆ. ಐದನೇ ಶತಮಾನದಲ್ಲಿ ಬಂದ ಫಾಹಿಯಾನ್, ಮಧ್ಯದೇಶದಲ್ಲಿ ಚಂಡಾಲರನ್ನು ಬಿಟ್ಟು ಬೇರೆ ಯಾರೂ ಇವನ್ನು ತಿನ್ನೋದಿಲ್ಲ ಅಂತ ಬರೆದ. ಏಳನೇ ಶತಮಾನದ ಹ್ಯುಯೆನ್ ತ್ಸಾಂಗ್, ತಿಂದವರನ್ನು ಊರಾಚೆ ಹಾಕ್ತಾರೆ ಅಂದ. ಯಾರೂ ತಿನ್ನದ ವಸ್ತುವಿಗೆ ಯಾರೂ ನಿಯಮ ಮಾಡೋದಿಲ್ಲ. ತಿನ್ನುವವರು ಇದ್ದರು, ಬೆಳೆಯುವವರೂ ಇದ್ದರು. ಬರೆಯುವವರು ಮಾತ್ರ ಅವರಲ್ಲಿ ಇರಲಿಲ್ಲ.

ಬೆಳೆಯುವವನೇ ಮಾತಾಡಿದ್ದು ಹದಿಮೂರನೇ ಶತಮಾನದಲ್ಲಿ. ಸೊಲ್ಲಾಪುರ ಕಡೆಯ ಅರಣ ಗ್ರಾಮದ ತೋಟಗಾರ ಸಂತ ಸಾವತಾ ಮಾಳಿ, ತನ್ನ ತೋಟದ ಉಳ್ಳಾಗಡ್ಡಿ, ಮೂಲಂಗಿಯಲ್ಲೇ ವಿಠ್ಠಲನನ್ನು ಕಂಡೆ ಅಂತ ಹಾಡಿದ. ಆಗ ಸೊಲ್ಲಾಪುರವೂ ಗದಗವೂ ಸೇವುಣರ ಆಳ್ವಿಕೆಯಲ್ಲೇ ಇದ್ದವು. ಪಂಡಿತರು ಊರಾಚೆ ಇಟ್ಟ ಗಡ್ಡೆಯನ್ನು ಒಬ್ಬ ತೋಟಗಾರ ದೇವರ ಪಕ್ಕಕ್ಕೇ ತಂದು ಕೂರಿಸಿದ.

ಆದರೆ ಈ ಬೆಳೆಯ ನಿಜವಾದ ದಾಖಲೆ ಹಾಡಲ್ಲ, ಬೀಜ. ಇಲ್ಲಿ ಸ್ವಲ್ಪ ಸಸ್ಯಶಾಸ್ತ್ರ ಬೇಕು, ಸಹಿಸಿಕೊಳ್ಳಿ.

ಉಳ್ಳಾಗಡ್ಡಿ ಎರಡು ಹಂತದ ಬೆಳೆ. ಮೊದಲ ಹಂತದಲ್ಲಿ ಬೀಜ ಹಾಕಿದರೆ ಗಡ್ಡಿ ಸಿಗುತ್ತೆ. ಆ ಗಡ್ಡಿಯನ್ನು ತಿಂದುಬಿಟ್ಟರೆ ಕಥೆ ಮುಗೀತು. ತಿನ್ನದೇ ಎತ್ತಿಟ್ಟು, ಅಕ್ಟೋಬರ್–ನವೆಂಬರ್ ಹೊತ್ತಿಗೆ ಮತ್ತೆ ಮಣ್ಣಿಗೆ ಇಟ್ಟರೆ, ಚಳಿ ತಾಗಿದ ಮೇಲೆ ಉದ್ದ ಕಡ್ಡಿ ಎದ್ದು ತುದಿಯಲ್ಲಿ ಬಿಳಿ ಹೂವಿನ ಚೆಂಡು ಬರುತ್ತೆ. ಜೇನುಹುಳ ಬಂದು ಹೋದ ಮೇಲೆ ಬೇಸಿಗೆಗೆ ಕರಿ ಎಳ್ಳಿನಂಥ ಬೀಜ ಕಟ್ಟುತ್ತೆ. ಆ ಬೀಜದ ಆಯಸ್ಸೋ ತೀರಾ ಕಮ್ಮಿ. ಮನೆಯಲ್ಲಿ ಮಾಮೂಲಿ ಡಬ್ಬಿಯಲ್ಲಿ ಇಟ್ಟರೆ ಒಂದು ವರ್ಷ ದಾಟಿದ ಮೇಲೆ ಮೊಳಕೆ ಬರೋದು ಕಷ್ಟ.

ಈಗ ಇದನ್ನು ಉತ್ತರ ಕರ್ನಾಟಕದ ಬರದ ಪಕ್ಕ ಇಟ್ಟು ನೋಡಿ. ಗದಗ ಸೀಮೆಗೆ ವರ್ಷಕ್ಕೆ ಬೀಳೋ ಮಳೆ ಸುಮಾರು 600 ಮಿ.ಮೀ. ಅದೂ ನಂಬೋ ಹಾಗಿಲ್ಲ. 1791–92ರ ಬರದಲ್ಲಿ ಎಲ್ಲೆಂದರಲ್ಲಿ ತಲೆಬುರುಡೆಗಳು ಬಿದ್ದಿದ್ದವು ಅಂತ ಅದಕ್ಕೆ ‘ಡೋಗಿ ಬರ’ ಅಂತಲೇ ಹೆಸರು. 1876–78ರಲ್ಲಿ ಮತ್ತೊಂದು ಮಹಾ ಬರ. ಜೋಳವನ್ನಾದರೆ ನೆಲದೊಳಗಿನ ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಕಾಯಬಹುದಿತ್ತು. ಉಳ್ಳಾಗಡ್ಡಿ ಬೀಜಕ್ಕೆ ಆ ಅನುಕೂಲ ಇಲ್ಲ. ಹೆಚ್ಚುಕಮ್ಮಿ ಪ್ರತಿ ವರ್ಷ ಯಾರಾದರೂ ಬಿತ್ತಲೇಬೇಕು, ಯಾರಾದರೂ ಹಸಿವಿನ ನಡುವೆಯೂ ಒಳ್ಳೇ ಗಡ್ಡಿಯೊಂದನ್ನು ತಿನ್ನದೇ ಎತ್ತಿಡಲೇಬೇಕು. ಒಂದೆರಡು ವರ್ಷ ತಪ್ಪಿದರೆ ಆ ಮನೆಯ ತಳಿ ಮುಗೀತು.

ಮಳೆಯೇ ಇಲ್ಲದ ವರ್ಷ ಇದು ಎಲ್ಲಿ ಉಳಿದಿರಬಹುದು? ಹೊಲದಲ್ಲಂತೂ ಕಷ್ಟ. ಬಾವಿ ಪಕ್ಕದ ತುಂಡು ಭೂಮಿಯಲ್ಲಿ, ಬಚ್ಚಲ ನೀರು ಹರಿದು ಹೋಗೋ ಹಿತ್ತಲಿನಲ್ಲಿ ಉಳಿದಿರಬೇಕು. ಎರಡು ಮಾರು ಜಾಗದ ಮಡಿ, ದಿನಾ ಮುಸುರೆ ತೊಳೆದ ನೀರು, ಅಷ್ಟು ಸಾಕು ಬೀಜದ ಗಡ್ಡಿಗೆ. ಆ ಹಿತ್ತಲು ನೋಡಿಕೊಂಡಿದ್ದು ಹೆಚ್ಚಾಗಿ ಮನೆಯ ಹೆಂಗಸರು. ಸಸಿ ಹಚ್ಚೋದು, ತಪ್ಪಲ ಕಿತ್ತು ಪಲ್ಲೆ ಮಾಡೋದು, ಬೀಜದ ಗಂಟು ಕಟ್ಟಿ ಗೂಡಿನಲ್ಲಿ ಇಡೋದು, ಎಲ್ಲ ಅವರದೇ ಕೆಲಸ. ಅತ್ತಿಮಬ್ಬೆಯ ಹೆಸರು ಕಲ್ಲಿನಲ್ಲಿ ಉಳೀತು. ಇವರು ಉಳಿಸಿದ ತಳಿಯ ಜೊತೆ ಇವರ ಹೆಸರು ಬರಲಿಲ್ಲ.

ಹಿತ್ತಲಿಂದ ಹೊಲಕ್ಕೆ ಬಂದಾಗ ಉಳ್ಳಾಗಡ್ಡಿಗೆ ಬೇರೆ ಕೆಲಸ ಸಿಕ್ತು. ಧಾರವಾಡ, ಗದಗ, ಹಾವೇರಿಯ ಎರೆ ಹೊಲಗಳಲ್ಲಿ ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿ ಮೂರನ್ನೂ ಕೂಡಿಸಿ ಬೆಳೆಯೋ ಪದ್ಧತಿ ಇದೆ. ಮುಂಗಾರಿಗೆ ಬಿತ್ತಿದ ಉಳ್ಳಾಗಡ್ಡಿ ಮೂರೂವರೆ ತಿಂಗಳಿಗೆಲ್ಲ ಕೈಗೆ ಬರುತ್ತೆ. ಆ ದುಡ್ಡಲ್ಲಿ ಮೆಣಸಿನಕಾಯಿ ಖರ್ಚು ತೂಗಿಸೋದು, ಆಮೇಲೆ ಹತ್ತಿ. ಒಂದು ಕೈಕೊಟ್ಟರೆ ಇನ್ನೊಂದು. ಇದರಲ್ಲಿ ಒಂದು ಜಾಣ ಲೆಕ್ಕ ಇತ್ತು.

1880ರ ದಶಕದಲ್ಲಿ ಗದಗಕ್ಕೆ ರೈಲು ಬಂದು ದೂರದ ಪೇಟೆ ಹತ್ತಿರ ಆಯ್ತು. ಆಮೇಲೆ ಲಾರಿ, ಎಪಿಎಂಸಿ. 1967ರಲ್ಲಿ ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆ ಶುರುವಾಗಿ, ಮುಂದೆ ಅರ್ಕಾ ಕಲ್ಯಾಣ್, ಅರ್ಕಾ ನಿಕೇತನ್ ತಳಿಗಳನ್ನು ಕೊಟ್ಟಿತು. ಇಳುವರಿ ಹೆಚ್ಚಿತು, ರೈತರಿಗೆ ಲಾಭವೂ ಆಯ್ತು, ಅದನ್ನು ಅಲ್ಲಗಳೆಯೋ ಹಾಗಿಲ್ಲ. ಆದರೆ ಬೀಜ ಗೂಡಿನ ಗಂಟಿನಿಂದ ಅಂಗಡಿಯ ಪಾಕೀಟಿಗೆ ಬಂತು. ಕೂಡುಬೆಳೆಯ ಹೊಲಗಳು ಎಷ್ಟೋ ಕಡೆ ಬರೀ ಉಳ್ಳಾಗಡ್ಡಿಯ ಹೊಲಗಳಾದವು. ಮನೆಯ ಅಳತೆಗೆ ಬೆಳೆಯುತ್ತಿದ್ದದ್ದು ಈಗ ಪೇಟೆಯ ಅಳತೆಗೆ ಬೆಳೆಯಬೇಕಾಯ್ತು.

ಪೇಟೆಯ ಅಳತೆ ಎಂಥದ್ದು ಅನ್ನೋಕೆ ಎರಡು ವರ್ಷ ಸಾಕು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರೋಣ, ನರಗುಂದ ತಾಲ್ಲೂಕುಗಳ ಹೊಳೆಸಾಲಿನ ಹೊಲಗಳು ಮುಳುಗಿದವು, ಆಮೇಲೂ ಮಳೆ ಬಿಡಲಿಲ್ಲ. ಆ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಈರುಳ್ಳಿ ಕಿಲೋಗೆ 200 ರೂಪಾಯಿ ಮುಟ್ಟಿತು. 2022ರ ನವೆಂಬರ್‌ನಲ್ಲಿ ಗದಗ ಜಿಲ್ಲೆಯ ತಿಮ್ಮಾಪುರದ ರೈತರೊಬ್ಬರು 400 ಕಿ.ಮೀ.ಗೂ ಹೆಚ್ಚು ದೂರದ ಯಶವಂತಪುರ ಮಾರುಕಟ್ಟೆಗೆ 205 ಕಿಲೋ ತಂದರು. ಸಿಕ್ಕ ದರ 200 ರೂಪಾಯಿ, ಆದರೆ ಕ್ವಿಂಟಲ್‌ಗೆ! ಒಟ್ಟು 410 ರೂಪಾಯಿ. ಅದರಲ್ಲಿ ಲಾರಿ ಬಾಡಿಗೆ 377 ರೂಪಾಯಿ 64 ಪೈಸೆ, ಹಮಾಲಿ 24 ರೂಪಾಯಿ ಕಳೆದು ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಆ ಬಿಲ್ಲಿನ ಫೋಟೋ ನಿಮ್ಮ ಫೋನಿಗೂ ಬಂದಿರಬಹುದು. ಬೆಲೆ ಇದ್ದಾಗ ಬೆಳೆ ಇರಲಿಲ್ಲ, ಬೆಳೆ ಇದ್ದಾಗ ಬೆಲೆ ಇರಲಿಲ್ಲ.

ಎಲ್ಲರೂ ಹಿತ್ತಲಿಗೆ ವಾಪಸ್ ಹೋಗಿ ಅಂತ ನಾನು ಹೇಳ್ತಿಲ್ಲ. ಹಿತ್ತಲು ಊರನ್ನು ಸಾಕೋದಿಲ್ಲ, ಬೆಂಗಳೂರನ್ನಂತೂ ಸಾಕೋದೇ ಇಲ್ಲ. ಆದರೆ ಹಿತ್ತಲಲ್ಲಿ ಬೆಳೆದ ಉಳ್ಳಾಗಡ್ಡಿಗೆ ಬಾಡಿಗೆ ಇರಲಿಲ್ಲ, ಹಮಾಲಿ ಇರಲಿಲ್ಲ, ಬೀಜದ ಸಾಲ ಇರಲಿಲ್ಲ. ಪೇಟೆ ಬಿದ್ದ ವರ್ಷವೂ ರೊಟ್ಟಿ ಜೊತೆ ಕಚ್ಚೋಕೆ ಒಂದು ಗಡ್ಡಿ, ಮುಂದಿನ ವರ್ಷ ಬಿತ್ತೋಕೆ ಒಂದು ಚಮಚ ಬೀಜ ಮನೆಯಲ್ಲೇ ಇತ್ತು. ರೈತ ಕಳೆದುಕೊಂಡದ್ದು ಆ ಆಸರೆಯನ್ನು.

ಈ ಇತಿಹಾಸವನ್ನು ಕಣ್ಣಾರೆ ನೋಡೋಕೆ ಜಕ್ಕಲಿಗೇ ಹೋಗಬೇಕಾಗಿಲ್ಲ. ನಿಮ್ಮ ಅಡುಗೆಮನೆ ಬುಟ್ಟಿಯಲ್ಲಿ ಮೊಳಕೆ ಒಡೆದ ಈರುಳ್ಳಿ ಒಂದಾದರೂ ಇರುತ್ತೆ. ಅದನ್ನು ಬಾಲ್ಕನಿಯ ಕುಂಡದಲ್ಲಿ, ಬಿಸಿಲು ಬೀಳೋ ಕಡೆ, ಮುಕ್ಕಾಲು ಭಾಗ ಮಣ್ಣಲ್ಲಿ ಇಡಿ. ನೀರು ನಿಲ್ಲದಂತೆ ನೋಡಿಕೊಳ್ಳಿ. ದೊಡ್ಡ ಗಡ್ಡಿ ಸಿಗುತ್ತೆ ಅಂತ ಕಾಯಬೇಡಿ, ಅದು ಎರಡನೇ ಹಂತಕ್ಕೆ ಬಂದಾಗಿದೆ. ಮೊದಲು ತಪ್ಪಲ ಕೊಡುತ್ತೆ, ಚಳಿಗಾಲದಲ್ಲಿ ಇಟ್ಟರೆ ಹೂವನ್ನೂ ಕೊಡಬಹುದು. ಜೇನು ಬಂದರೆ ಬೀಜ. ಆ ಬೀಜ ಮುಂದಿನ ಮಳೆಗಾಲದೊಳಗೆ ಮಣ್ಣಿಗೆ ಬೀಳಬೇಕು. ಎಲೆಗಳು ಕತ್ತಿನ ಹತ್ತಿರ ತಾವಾಗಿಯೇ ಬಾಗಿ ಮಲಗಿದಾಗ ಕಿತ್ತು, ನೆರಳಲ್ಲಿ ಒಣಗಿಸಿ. ತಿನ್ನೋಕೆ ಮುಂಚೆ ಅದರಲ್ಲಿ ಒಳ್ಳೇದೊಂದನ್ನು ಪಕ್ಕಕ್ಕೆ ತೆಗೆದಿಡಿ.