ಬೋಕೊ ಹರಾಮ್: ಒಂದು ಮಸೀದಿಯಿಂದ ನಾಲ್ಕು ದೇಶಗಳ ಯುದ್ಧದವರೆಗೆ

2014ರ ಏಪ್ರಿಲ್ 14ರ ರಾತ್ರಿ ನೈಜೀರಿಯಾದ ಚಿಬೋಕ್ ಪಟ್ಟಣದ ಸರ್ಕಾರಿ ಶಾಲೆಯಿಂದ 276 ವಿದ್ಯಾರ್ಥಿನಿಯರನ್ನು ಬಂದೂಕುಧಾರಿಗಳು ಹೊತ್ತೊಯ್ದರು. 'ಬ್ರಿಂಗ್ ಬ್ಯಾಕ್ ಅವರ್ ಗರ್ಲ್ಸ್' ಹ್ಯಾಶ್‌ಟ್ಯಾಗ್ ಜಗತ್ತಿನ ಎಲ್ಲ ಫೋನುಗಳಲ್ಲೂ ಓಡಿತು. ನಮ್ಮಲ್ಲಿ ಬಹುತೇಕರು ಬೋಕೊ ಹರಾಮ್ ಹೆಸರು ಕೇಳಿದ್ದು ಆಗಲೇ. ಆದರೆ ಅಷ್ಟೊತ್ತಿಗೆ ಆ ಸಂಘಟನೆಗೆ ಹನ್ನೆರಡು ವರ್ಷ ತುಂಬಿತ್ತು. ಅದು ಹುಟ್ಟಿದ್ದು ಹೇಗೆ, ಅಷ್ಟು ಕ್ರೂರವಾಗಿದ್ದು ಹೇಗೆ ಅನ್ನೋದು ಹ್ಯಾಶ್‌ಟ್ಯಾಗಿನಲ್ಲಿ ಹಿಡಿಸುವ ಕಥೆಯಲ್ಲ.

ಹೆಸರಿನೊಳಗಿನ ಸಿಟ್ಟು

'ಬೋಕೊ ಹರಾಮ್' ಅವರೇ ಇಟ್ಟುಕೊಂಡ ಹೆಸರಲ್ಲ, ಊರವರು ಕರೆದ ಹೆಸರು. 'ಪಾಶ್ಚಾತ್ಯ ಶಿಕ್ಷಣ ನಿಷಿದ್ಧ' ಅಂತ ಅದರ ಸ್ಥೂಲ ಅರ್ಥ. 'ಬೋಕೊ' ಇಂಗ್ಲಿಷಿನ 'ಬುಕ್'ನಿಂದ ಬಂತು ಅಂತ ಬಹಳ ಕಡೆ ಓದಿರುತ್ತೀರಿ. ಹೌಸಾ ಭಾಷಾತಜ್ಞ ಪಾಲ್ ನ್ಯೂಮನ್ ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಅದು ಅಚ್ಚ ಹೌಸಾ ಪದ, ಅರ್ಥ 'ಮೋಸ, ನಕಲಿ'. ಬ್ರಿಟಿಷರು ಉತ್ತರ ನೈಜೀರಿಯಾದಲ್ಲಿ ಶಾಲೆ ತೆರೆದಾಗ, ಕುರ್‌ಆನ್ ಕಲಿಸುವ ಸಾಂಪ್ರದಾಯಿಕ ಶಾಲೆಗಳೆದುರು ಇದು ನಕಲಿ ವಿದ್ಯೆ ಅಂತ ಜನ ಹಾಗೆ ಕರೆದರು. ಅಂದರೆ ಶಾಲೆಯ ಮೇಲಿನ ಅನುಮಾನ ಬೋಕೊ ಹರಾಮ್‌ಗಿಂತ ಎಷ್ಟೋ ಹಳೆಯದು.

ಅನುಮಾನ ಉಳಿದುಕೊಳ್ಳಲು ಕಾರಣಗಳೂ ಇದ್ದವು. ದಕ್ಷಿಣ ನೈಜೀರಿಯಾಕ್ಕೆ ಹೋಲಿಸಿದರೆ ಉತ್ತರ ಬಡವಾಗಿಯೇ ಉಳಿಯಿತು. ದೇಶಕ್ಕೆ ತೈಲದ ದುಡ್ಡು ಹರಿದು ಬಂತು. ಈಶಾನ್ಯದ ಬೋರ್ನೊ ರಾಜ್ಯದ ಹುಡುಗರಿಗೆ ಅದರಿಂದ ಸಿಕ್ಕಿದ್ದು ಅಷ್ಟಕ್ಕಷ್ಟೆ. ಶಾಲೆ ಮುಗಿಸಿದವನಿಗೂ ಕೆಲಸವಿಲ್ಲ, ಆದರೆ ಅದೇ ಶಾಲೆಯಲ್ಲಿ ಓದಿದ ಅಧಿಕಾರಿ, ರಾಜಕಾರಣಿ ಲೂಟಿ ಹೊಡೆಯುವುದು ಕಣ್ಣೆದುರಿಗೆ ಕಾಣುತ್ತದೆ. 'ಇದು ಮೋಸದ ವಿದ್ಯೆ' ಅನ್ನುವ ಮಾತು ಯಾಕೆ ನಾಟಿತು ಅಂತ ಈಗ ಊಹಿಸಬಹುದು.

ಯೂಸುಫ್ ಕಾಲ

2002ರ ಸುಮಾರಿಗೆ ಬೋರ್ನೊ ರಾಜಧಾನಿ ಮೈದುಗುರಿಯಲ್ಲಿ ಮೊಹಮ್ಮದ್ ಯೂಸುಫ್ ಎಂಬ ಯುವ ಬೋಧಕ ತನ್ನ ಗುಂಪು ಕಟ್ಟಿದ. ಭೂಮಿ ಗುಂಡಗಿದೆ, ನೀರು ಆವಿಯಾಗಿ ಮಳೆ ಬರುತ್ತದೆ ಅನ್ನೋದನ್ನೂ ಒಪ್ಪುವುದಿಲ್ಲ ಅಂತ ಬಿಬಿಸಿಗೆ ಹೇಳಿದ್ದ ವ್ಯಕ್ತಿ ಈತ. ಆದರೆ ಭ್ರಷ್ಟಾಚಾರದ ವಿರುದ್ಧ ಅವನಾಡುತ್ತಿದ್ದ ಮಾತಿಗೆ ನಿರುದ್ಯೋಗಿ ಯುವಕರು ಸೇರುತ್ತಿದ್ದರು. ಹಿಂದೆ ಅವನಿಗೆ ಗುರುವಾಗಿದ್ದ ಶೇಖ್ ಜಾಫರ್ ಆದಮ್ ಅವರೇ ಅವನ ವಾದವನ್ನು ಬಹಿರಂಗವಾಗಿ ಖಂಡಿಸಿದರು. 2007ರಲ್ಲಿ ಕಾನೋ ನಗರದ ಮಸೀದಿಯಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು.

ರಾಜಕೀಯದ ನಂಟೂ ಇತ್ತು. 1999ರ ನಂತರ ಉತ್ತರದ 12 ರಾಜ್ಯಗಳು ಷರಿಯಾ ಕಾನೂನನ್ನು ಕ್ರಿಮಿನಲ್ ಪ್ರಕರಣಗಳಿಗೂ ವಿಸ್ತರಿಸಿದವು. ಧರ್ಮವೇ ವೋಟಿನ ಬಂಡವಾಳವಾದಾಗ ಇಂಥ ಬೋಧಕರೂ ಬೇಕಾದವರಾಗುತ್ತಾರೆ. ಯೂಸುಫ್‌ನ ಆಪ್ತ ಬೂಜಿ ಫೊಯ್ ಬೋರ್ನೊ ಸರ್ಕಾರದಲ್ಲಿ ಧಾರ್ಮಿಕ ವ್ಯವಹಾರಗಳ ಕಮಿಷನರ್ ಆಗಿದ್ದ.

2009: ತಿರುವು

ಕಿಡಿ ಹೊತ್ತಿದ್ದು ಹೆಲ್ಮೆಟ್ಟಿನಿಂದ ಅಂದರೆ ನಂಬುವುದು ಕಷ್ಟ. ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿದ್ದ ಹೊಸ ನಿಯಮವನ್ನು ಗುಂಪು ಪಾಲಿಸಲಿಲ್ಲ. 2009ರ ಜೂನ್‌ನಲ್ಲಿ ಶವಸಂಸ್ಕಾರಕ್ಕೆ ಹೊರಟಿದ್ದ ಸದಸ್ಯರನ್ನು ಭದ್ರತಾ ಪಡೆ ತಡೆಯಿತು, ಜಗಳವಾಗಿ ಗುಂಡು ಹಾರಿತು. ಜುಲೈನಲ್ಲಿ ಗುಂಪು ಹಲವು ರಾಜ್ಯಗಳಲ್ಲಿ ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿತು. ಸೇನೆ ಇಳಿಯಿತು. ಕೆಲವೇ ದಿನಗಳಲ್ಲಿ ಸುಮಾರು 800 ಜನ ಸತ್ತರು.

ಯೂಸುಫ್‌ನನ್ನು ಸೇನೆ ಜೀವಂತ ಹಿಡಿದು ಪೊಲೀಸರಿಗೊಪ್ಪಿಸಿತು. ಕೆಲವೇ ಗಂಟೆಗಳಲ್ಲಿ ಅವನ ಹೆಣ ಕಾಣಿಸಿತು. 'ತಪ್ಪಿಸಿಕೊಳ್ಳಲು ಯತ್ನಿಸಿದ' ಅನ್ನೋದು ಪೊಲೀಸರ ವಿವರಣೆ. ಬೂಜಿ ಫೊಯ್ ಕೂಡ ಪೊಲೀಸ್ ವಶದಲ್ಲೇ ಸತ್ತ. ವಿಚಾರಣೆ ನಡೆದಿದ್ದರೆ ಯಾರ್‍ಯಾರು ಈ ಗುಂಪನ್ನು ಸಾಕಿದರು ಅನ್ನೋದು ಕೋರ್ಟಿನಲ್ಲಿ ಹೊರಬರಬಹುದಿತ್ತು. ಆ ಬಾಗಿಲು ಅಲ್ಲಿಗೆ ಮುಚ್ಚಿತು, ಗುಂಪಿಗೆ ಒಬ್ಬ ಹುತಾತ್ಮ ಸಿಕ್ಕ.

ಶೆಕಾವು ಕಾಲ

ಯೂಸುಫ್‌ನ ಜಾಗಕ್ಕೆ ಬಂದವನು ಅಬೂಬಕರ್ ಶೆಕಾವು. 2010ರ ಸೆಪ್ಟೆಂಬರ್‌ನಲ್ಲಿ ಬೌಚಿ ಜೈಲು ಒಡೆದು 700ಕ್ಕೂ ಹೆಚ್ಚು ಕೈದಿಗಳನ್ನು ಬಿಡಿಸಿದರು. 2011ರ ಆಗಸ್ಟ್‌ನಲ್ಲಿ ಅಬುಜಾದ ವಿಶ್ವಸಂಸ್ಥೆ ಕಟ್ಟಡಕ್ಕೆ ಆತ್ಮಾಹುತಿ ಕಾರ್ ನುಗ್ಗಿತು. 2012ರ ಜನವರಿಯಲ್ಲಿ ಕಾನೋದಲ್ಲಿ ಒಂದೇ ದಿನ 180ಕ್ಕೂ ಹೆಚ್ಚು ಜನ ಸತ್ತರು. 2014ರಲ್ಲಿ ಗ್ವೋಜಾ ಪಟ್ಟಣ ಹಿಡಿದು ಅಲ್ಲಿ ತಮ್ಮದೇ ಇಸ್ಲಾಮಿಕ್ ರಾಜ್ಯ ಘೋಷಿಸಿದರು. ಹೆಣ್ಣುಮಕ್ಕಳ ಮೈಗೆ ಬಾಂಬ್ ಕಟ್ಟಿ ಸಂತೆಗಳಿಗೆ ಕಳಿಸಿದರು. ಈ ಸಂಘರ್ಷದಲ್ಲಿ ಬಳಕೆಯಾದ ಆತ್ಮಾಹುತಿ ದಾಳಿಕೋರರಲ್ಲಿ ಹೆಚ್ಚುಕಮ್ಮಿ ಐವರಲ್ಲಿ ಒಬ್ಬರು ಮಕ್ಕಳು ಅಂತ ಯುನಿಸೆಫ್ 2016ರಲ್ಲಿ ಹೇಳಿತು.

ಚರ್ಚುಗಳ ಮೇಲೆ ದಾಳಿಗಳಾದವು, ಕ್ರೈಸ್ತರು ಗುರಿಯಾದರು. ಆದರೆ ಸತ್ತವರಲ್ಲಿ ಮುಸ್ಲಿಮರ ಸಂಖ್ಯೆಯೂ ಬಹಳ ದೊಡ್ಡದು. ಮೈದುಗುರಿಯಲ್ಲಿ 2013ರಲ್ಲಿ ಕೋಲು, ಕತ್ತಿ ಹಿಡಿದು ಇವರ ವಿರುದ್ಧ ಬೀದಿಗಿಳಿದ 'ಸಿವಿಲಿಯನ್ ಜೆಟಿಎಫ್'ನ ಹುಡುಗರಲ್ಲೂ ಹೆಚ್ಚಿನವರು ಮುಸ್ಲಿಮರು. ವಾಟ್ಸ್ಯಾಪ್ ಫಾರ್ವರ್ಡುಗಳ 'ಅವರು-ನಾವು' ಲೆಕ್ಕ ಇಲ್ಲಿ ತಾಳೆಯಾಗುವುದಿಲ್ಲ.

ಸರ್ಕಾರದ ಕೈಯೂ ಶುದ್ಧವಿರಲಿಲ್ಲ. 2011ರ ನಂತರ ಸೇನಾ ವಶದಲ್ಲಿ 7,000ಕ್ಕೂ ಹೆಚ್ಚು ಪುರುಷರು, ಹುಡುಗರು ಸತ್ತರು ಅಂತ ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2015ರ ವರದಿಯಲ್ಲಿ ಹೇಳಿತು. ಹಳ್ಳಿಯವನಿಗೆ ಎರಡೂ ಕಡೆಯಿಂದ ಭಯ.

ಒಡಕು, ಮುಂದುವರಿಕೆ

2015ರ ಮಾರ್ಚ್‌ನಲ್ಲಿ ಶೆಕಾವು ಐಸಿಸ್‌ಗೆ ನಿಷ್ಠೆ ಘೋಷಿಸಿದ. ಮರುವರ್ಷ ಐಸಿಸ್ ಅವನನ್ನು ಬದಿಗಿಟ್ಟು ಯೂಸುಫ್‌ನ ಮಗ ಅಬು ಮುಸಾಬ್ ಅಲ್-ಬರ್ನಾವಿಯನ್ನು ನಾಯಕನೆಂದಿತು. ಸಂಘಟನೆ ಎರಡಾಯಿತು. ಐಸಿಸ್ ಬಣವಾದ ಐಎಸ್‌ಡಬ್ಲ್ಯುಎಪಿ ಚಾಡ್ ಸರೋವರದ ಸುತ್ತ ಮೀನುಗಾರರು, ರೈತರಿಂದ ತೆರಿಗೆ ಎತ್ತುವ ಸಣ್ಣ ಆಡಳಿತವನ್ನೇ ಕಟ್ಟಿತು. 2021ರ ಮೇ ತಿಂಗಳಲ್ಲಿ ಸಾಂಬಿಸಾ ಕಾಡಿನಲ್ಲಿ ಇದೇ ಬಣ ಸುತ್ತುವರಿದಾಗ ಶೆಕಾವು ತನ್ನನ್ನೇ ಸ್ಫೋಟಿಸಿಕೊಂಡು ಸತ್ತ.

ಯುದ್ಧ ಮಾತ್ರ ಸಾಯಲಿಲ್ಲ. ನೈಜರ್, ಚಾಡ್, ಕ್ಯಾಮರೂನ್‌ಗಳಿಗೂ ಅದು ಹಬ್ಬಿದೆ. ಈಶಾನ್ಯ ನೈಜೀರಿಯಾದಲ್ಲಿ 2020ರ ಕೊನೆಗೆ ನೇರ ಹಿಂಸೆಗೆ ಸುಮಾರು 35,000 ಜನ ಬಲಿಯಾಗಿದ್ದರು. ಹಸಿವು, ರೋಗವನ್ನೂ ಸೇರಿಸಿದರೆ ಸಾವು ಮೂರೂವರೆ ಲಕ್ಷದ ಹತ್ತಿರ ಅಂತ ಯುಎನ್‌ಡಿಪಿ ಅಂದಾಜು. ಚಿಬೋಕ್‌ನ ಆ ಹುಡುಗಿಯರಲ್ಲಿ 80ಕ್ಕೂ ಹೆಚ್ಚು ಮಂದಿ ಹತ್ತು ವರ್ಷವಾದರೂ ಮನೆಗೆ ಮರಳಿರಲಿಲ್ಲ.

ಬೋಕೊ ಹರಾಮ್‌ನ ಕ್ರೌರ್ಯಕ್ಕೆ ಹೊಣೆ ಬೋಕೊ ಹರಾಮ್‌ನದ್ದೇ. ಬಡತನ ಇದ್ದ ಕಡೆಯೆಲ್ಲ ಶೆಕಾವು ಹುಟ್ಟುವುದಿಲ್ಲ. ಆದರೆ ಪೊಲೀಸ್ ವಶದಲ್ಲಿ ಕೊಂದರೆ ಕಥೆ ಮುಗಿಯುತ್ತದೆ ಅಂತ 2009ರಲ್ಲಿ ನಂಬಿದವರ ಲೆಕ್ಕ ಎಷ್ಟು ತಪ್ಪಿತು ಅನ್ನೋದು ಕಣ್ಣೆದುರಿಗಿದೆ. ಎನ್‌ಕೌಂಟರ್‌ಗೆ ಚಪ್ಪಾಳೆ ತಟ್ಟುವ ಯಾವುದೇ ಸಮಾಜ ಮೈದುಗುರಿಯ ಆ ಜುಲೈ ತಿಂಗಳನ್ನು ಒಮ್ಮೆ ಓದಿಕೊಳ್ಳಬೇಕು.