ಸೂರು ಸರಿಪಡಿಸಲು ರಜೆ ಕೇಳಿದ ಸೈನಿಕ

ನಂಜನಗೂಡನ್ನು ಹಾದು ಬರುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ನದಿ ಬಯಲಿನ ಹಳ್ಳಿಗಳಲ್ಲಿ ನಾಡಹೆಂಚಿನ ಮನೆಯಿದ್ದವರಿಗೆಲ್ಲ ಒಂದು ಕೆಲಸ ತಪ್ಪುತ್ತಿರಲಿಲ್ಲ: ಮುಂಗಾರಿಗೆ ಮುನ್ನ ಸೂರು ಹತ್ತಿ ಹೆಂಚು ಕೈಯಾಡಿಸುವುದು. ಮನೆಯ ಮಗ ದೂರದಲ್ಲಿದ್ದರೆ ಮೊದಲ ಮಳೆಯೇ ಆ ಕೊರತೆಯನ್ನು ಹೇಳಿಬಿಡುತ್ತಿತ್ತು. ಇದನ್ನು ಬಲ್ಲವರಿಗೆ, ಗ್ರಿಗೋರಿ ಚುಖ್ರಾಯ್ 1959ರಲ್ಲಿ ನಿರ್ದೇಶಿಸಿದ 'ಸೈನಿಕನ ಲಾವಣಿ' ಎಂಬ ಸೋವಿಯತ್ ಚಿತ್ರಕ್ಕೆ ಬೇರೆ ವ್ಯಾಖ್ಯಾನ ಬೇಕಾಗದು.

ಹತ್ತೊಂಬತ್ತರ ಹರೆಯದ ಅಲ್ಯೋಷ ಶತ್ರುಗಳ ಎರಡು ಟ್ಯಾಂಕುಗಳನ್ನು ನಾಶಮಾಡುತ್ತಾನೆ. ಸೇನಾಧಿಕಾರಿ ಪದಕ ಕೊಡಲು ಮುಂದಾದಾಗ, ಅದರ ಬದಲು ಊರಿಗೆ ಹೋಗಿ ತಾಯಿಯ ಮನೆಯ ಸೂರು ಸರಿಪಡಿಸಿ ಬರಲು ಅನುಮತಿ ಬೇಡುತ್ತಾನೆ. ದೊರೆತದ್ದು ಆರು ದಿನಗಳು: ಹೋಗಲು ಎರಡು, ಬರಲು ಎರಡು, ಸೂರಿಗೆ ಎರಡು. ಹಾದಿಯಲ್ಲಿ, ಕಾಲು ಕಳೆದುಕೊಂಡು ಹೆಂಡತಿಗೆ ಮುಖ ತೋರಿಸಲು ಅಂಜುವ ಸೈನಿಕನೊಬ್ಬ ಸಿಗುತ್ತಾನೆ. ಅವರಿವರಿಗೆ ನೆರವಾಗುತ್ತ ರಜೆ ಕರಗಿಹೋಗುತ್ತದೆ. ಕೊನೆಗೆ, ಹೊಲದಿಂದ ಓಡೋಡಿ ಬಂದ ತಾಯಿಯನ್ನು ದಾರಿಯ ಮೇಲೆ ಒಮ್ಮೆ ಅಪ್ಪಿಕೊಳ್ಳುವಷ್ಟೇ ವೇಳೆ. ಸೂರು ಹಾಗೆಯೇ ಉಳಿಯುತ್ತದೆ. ಮಗ ಮರಳಿ ಬರಲಿಲ್ಲವೆಂಬುದನ್ನು ಚಿತ್ರ ಆರಂಭದಲ್ಲಿಯೇ ತಿಳಿಸಿರುತ್ತದೆ.

ಇಂಥ ಚಿತ್ರ ಹತ್ತು ವರ್ಷ ಮೊದಲು ಬರುವುದು ಕಷ್ಟವಿತ್ತು. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ದೇಶ ಸುಮಾರು 2 ಕೋಟಿ 70 ಲಕ್ಷ ಜೀವಗಳನ್ನು ಕಳೆದುಕೊಂಡಿತು. ಗಂಡಸರಿಲ್ಲದ ಹಳ್ಳಿಗಳಲ್ಲಿ ಹೆಂಗಸರೇ ನೇಗಿಲಿಗೆ ಹೆಗಲು ಕೊಟ್ಟರು. 1946–47ರಲ್ಲಿ ಕ್ಷಾಮವೂ ಎರಗಿತು. ಆದರೆ 1950ರಲ್ಲಿ ತೆರೆಕಂಡ ಇವಾನ್ ಪಿರ್ಯೆವ್ ಅವರ 'ಕುಬಾನಿನ ಕೊಸಾಕರು' ಚಿತ್ರದಲ್ಲಿ ಕಾಣುವುದು ಸುಗ್ಗಿ, ಸಂತೆ, ಹಾಡು, ತುಂಬಿ ತುಳುಕುವ ಅಂಗಡಿಗಳು. 1956ರ ಫೆಬ್ರವರಿಯಲ್ಲಿ ಕ್ರುಶ್ಚೇವ್ ತಮ್ಮ ಪಕ್ಷದ ಇಪ್ಪತ್ತನೆಯ ಅಧಿವೇಶನದಲ್ಲಿ ಈ ಬಗೆಯ ಚಿತ್ರಗಳನ್ನೇ ನೆನೆದರು. ಸ್ಟಾಲಿನ್ ಕೊನೆಯದಾಗಿ ಹಳ್ಳಿಗೆ ಕಾಲಿಟ್ಟದ್ದು 1928ರ ಜನವರಿಯಲ್ಲಿ; ಆಮೇಲೆ ಅವರು ಹಳ್ಳಿಯನ್ನು ಅರಿತದ್ದು, ರೈತನ ಊಟದ ಮೇಜು ಕೋಳಿ ಬಾತುಗಳ ಭಾರಕ್ಕೆ ಬಾಗುವಂತೆ ತೋರಿಸುತ್ತಿದ್ದ ಸಿನಿಮಾಗಳಿಂದ ಎಂದರು. ಪ್ರಭುವನ್ನು ಮೆಚ್ಚಿಸಲು ಹುಟ್ಟಿದ ಕಲೆ ಪ್ರಭುವಿನ ಕಣ್ಣನ್ನೇ ಕಟ್ಟಿತ್ತು.

ಅಲ್ಲಿಂದ ಮುಂದೆ ಕ್ಯಾಮರಾ ಮನೆಯೊಳಗೆ ಬಂದಿತು. ಮಿಖಾಯಿಲ್ ಕಲತೋಜೊವ್ ಅವರ 'ಹಾರುತಿವೆ ಕೊಕ್ಕರೆಗಳು' 1957ರಲ್ಲಿ ತೆರೆಕಂಡು, ಮರುವರ್ಷ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. 1964ರ 'ಅಧ್ಯಕ್ಷ' ಚಿತ್ರದಲ್ಲಿ, ಯುದ್ಧದಿಂದ ಒಂಟಿಗೈಯಲ್ಲಿ ಮರಳಿದ ರೈತ ಪಾಳುಬಿದ್ದ ಹಳ್ಳಿಯನ್ನು ಎತ್ತಿ ನಿಲ್ಲಿಸಲು ಹೆಣಗುತ್ತಾನೆ. ಚಿಂಗೀಜ್ ಐತ್ಮಾತೊವ್ ಅವರ ಕಥೆಯನ್ನು ಆಧರಿಸಿದ 'ತಾಯಿಯ ಹೊಲ' 1967ರಲ್ಲಿ ಚಿತ್ರವಾಯಿತು. ಪತಿಯನ್ನೂ ಮೂವರು ಗಂಡುಮಕ್ಕಳನ್ನೂ ಯುದ್ಧಕ್ಕೆ ಕಳೆದುಕೊಂಡ ಕಿರ್ಗಿಜ್ ರೈತ ಮಹಿಳೆ ತೊಲ್ಗೊನಾಯ್ ಅದರ ನಾಯಕಿ. ದುಃಖ ಹೇಳಿಕೊಳ್ಳಲು ಆಕೆಗೆ ಉಳಿದದ್ದು ತಾನು ದುಡಿದ ಭೂಮಿಯೊಂದೇ.

ನಮ್ಮ ಸೀಮೆಗೆ ಆ ಯುದ್ಧ ಬಾಂಬಾಗಿ ಬರಲಿಲ್ಲ. ಆದರೂ ಬಂದಿತು. 1941ರಲ್ಲಿ ಜಪಾನಿನ ರೇಷ್ಮೆ ಮಿತ್ರರಾಷ್ಟ್ರಗಳಿಗೆ ನಿಂತುಹೋದಾಗ, ಪ್ಯಾರಾಚೂಟುಗಳಿಗಾಗಿ ಮೈಸೂರು ಸಂಸ್ಥಾನದ ಕಚ್ಚಾ ರೇಷ್ಮೆಗೆ ಬೇಡಿಕೆ ಏರಿತು. ಹುಳು ಸಾಕಿದ ಮನೆಯ ಶ್ರಮವನ್ನು ನರಸೀಪುರದ ಕಡೆಯವರಿಗೆ ವಿವರಿಸಬೇಕಾಗಿಲ್ಲ. ನಾಲ್ಕು ಜ್ವರ ದಾಟಿದ ಹುಳುವಿಗೆ ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ಬೀಳುತ್ತಿರಬೇಕು. ಹಣ್ಣಾದ ಹುಳುವನ್ನು ಆರಿಸಿ ಚಂದ್ರಂಕಿಗೆ ಬಿಡುವವರೆಗೆ ಹೆಂಗಸರಿಗೆ ನಿದ್ದೆಯಿಲ್ಲ. ಚುಖ್ರಾಯ್ ಸಹ ಆ ಯುದ್ಧದಲ್ಲಿ ಪ್ಯಾರಾಚೂಟ್ ದಳದ ಸೈನಿಕರಾಗಿದ್ದವರು. ಅವರು ನಮ್ಮ ರೇಷ್ಮೆಯ ಆಧಾರದಿಂದಲೇ ಇಳಿದರೆಂದು ನಾನು ಹೇಳುತ್ತಿಲ್ಲ. ಆದರೆ ರೇಷ್ಮೆಯ ಕೊಡೆ ಯಾವ ಆಕಾಶದಲ್ಲಿ ಬಿಚ್ಚಿಕೊಂಡರೂ, ಅದರ ಹಿಂದೆ ಎಲ್ಲಿಯೋ ಒಂದು ರೈತ ಮನೆಯ ನಿದ್ದೆಗೆಟ್ಟ ರಾತ್ರಿಗಳಿದ್ದವು.

ರೇಷ್ಮೆಯ ತೂಕ, ಗೂಡಿನ ಧಾರಣೆ ಲೆಕ್ಕದ ಪುಸ್ತಕಕ್ಕೆ ಸೇರುತ್ತವೆ. ಆ ರಾತ್ರಿಗಳು ಸೇರುವುದಿಲ್ಲ. ಅಲ್ಯೋಷನ ತಾಯಿಯನ್ನು ಒಂದು ಚಿತ್ರ ಉಳಿಸಿಕೊಂಡಿತು. 1942ರಲ್ಲಿ ಹತ್ತು ವರ್ಷದವರಾಗಿದ್ದು, ತಾಯಂದಿರೊಡನೆ ಸೊಪ್ಪು ಹಾಕಿದ ನಮ್ಮ ಹಿರಿಯರಿಗೆ ಈಗ ತೊಂಬತ್ತು ದಾಟಿದೆ. ಅವರ ನೆನಪು ಮಾಸುವ ಮೊದಲು ಒಂದು ಸಂಜೆ ಅವರ ಬಳಿ ಕುಳಿತು ಕೇಳುವುದು, ಮಳೆಗೆ ಮುನ್ನ ಹೆಂಚು ಕೈಯಾಡಿಸುವಂಥ ಕೆಲಸವೇ.